ರಷ್ಯಾದ ನೆರಳಿನಿಂದ ಸರಿಯುತ್ತಿರುವ ಆರ್ಮೇನಿಯಾ

1991ರಲ್ಲಿ ಸೋವಿಯತ್ ಒಕ್ಕೂಟ ಒಡೆದ ಮೇಲೂ ಮಾಸ್ಕೋವನ್ನೇ ನೆಚ್ಚಿಕೊಂಡು ನಿಂತ ರಾಷ್ಟ್ರಗಳಲ್ಲಿ ಆರ್ಮೇನಿಯಾ ಪ್ರಮುಖವಾದುದು. ಇದಕ್ಕೆ ಬಲವಾದ ಕಾರಣಗಳಿದ್ದವು. ಸುಮಾರು ಮೂವತ್ತು ಲಕ್ಷ ಜನರ, ಕಡಲತೀರವಿಲ್ಲದ ನಾಡು. ಪೂರ್ವದಲ್ಲಿ ನಾಗೋರ್ನೊ-ಕರಬಾಖ್‌ಗಾಗಿ ಕಾದಾಡಿದ ಅಜರ್‌ಬೈಜಾನ್, ಪಶ್ಚಿಮದಲ್ಲಿ 1993ರಲ್ಲಿ ಗಡಿ ಮುಚ್ಚಿದ ತುರ್ಕಿ. 1915ರ ನರಮೇಧದ ನೆನಪಿರುವ ಜನತೆಗೆ ಗ್ಯುಮ್ರಿಯಲ್ಲಿ ರಷ್ಯಾದ ಸೇನಾನೆಲೆ ಇರುವುದೇ ಅಭಯವೆನಿಸಿತ್ತು. ಆ ನೆಲೆಯ ಅವಧಿಯನ್ನು 2010ರಲ್ಲಿ, 2044ರವರೆಗೆ ವಿಸ್ತರಿಸಲಾಯಿತು.

ಆದರೆ ಆಪತ್ಕಾಲದಲ್ಲಿ ಈ ಅಭಯ ಫಲಿಸಲಿಲ್ಲ. 2020ರ ನಲವತ್ತನಾಲ್ಕು ದಿನಗಳ ಯುದ್ಧದಲ್ಲಿ ಆರ್ಮೇನಿಯಾ ಸೋತ ಬಳಿಕವೇ ರಷ್ಯಾ ಕದನವಿರಾಮ ಮಾಡಿಸಿ ಶಾಂತಿಪಾಲಕರನ್ನು ಕಳುಹಿಸಿತು. 2022ರ ಸೆಪ್ಟೆಂಬರಿನಲ್ಲಿ ಆರ್ಮೇನಿಯಾದ ನೆಲದ ಮೇಲೆಯೇ ದಾಳಿ ನಡೆದಾಗ ರಷ್ಯಾ ನೇತೃತ್ವದ ಸಾಮೂಹಿಕ ಭದ್ರತಾ ಒಕ್ಕೂಟವು ನೆರವಿಗೆ ಬರಲಿಲ್ಲ. ಉಕ್ರೇನಿನಲ್ಲಿ ಸಿಲುಕಿದ ಮಾಸ್ಕೋಗೆ ಅಜರ್‌ಬೈಜಾನಿನ ಹಾಗೂ ತುರ್ಕಿಯ ಸ್ನೇಹವೇ ಹೆಚ್ಚು ಬೇಕಾಗಿತ್ತು. 2023ರ ಸೆಪ್ಟೆಂಬರಿನಲ್ಲಿ ಅಜರ್‌ಬೈಜಾನ್ ಕರಬಾಖನ್ನು ಪೂರ್ಣವಾಗಿ ವಶಪಡಿಸಿಕೊಂಡಿತು. ಶಾಂತಿಪಾಲಕರು ಅಲ್ಲಿಯೇ ಇದ್ದರು. ಒಂದು ಲಕ್ಷಕ್ಕೂ ಹೆಚ್ಚು ಆರ್ಮೇನಿಯನ್ನರು ಕೆಲವೇ ದಿನಗಳಲ್ಲಿ ಮನೆಮಠ ತೊರೆದು ಹೊರಟರು.

ಪ್ರಧಾನಿ ನಿಕೋಲ್ ಪಶಿನ್ಯಾನ್ 2024ರ ಫೆಬ್ರವರಿಯಲ್ಲಿ, ಭದ್ರತಾ ಒಕ್ಕೂಟದಲ್ಲಿ ತಮ್ಮ ದೇಶದ ಪಾಲ್ಗೊಳ್ಳುವಿಕೆಯನ್ನು ಸ್ಥಗಿತಗೊಳಿಸಿರುವುದಾಗಿ ಸಾರಿದರು. 2025ರ ಮಾರ್ಚ್‌ನಲ್ಲಿ, ಐರೋಪ್ಯ ಒಕ್ಕೂಟವನ್ನು ಸೇರುವ ಪ್ರಕ್ರಿಯೆ ಆರಂಭಿಸುವ ಕಾಯಿದೆಗೆ ಸಂಸತ್ತು ಒಪ್ಪಿಗೆಯಿತ್ತಿತು. ಇಷ್ಟಾದರೂ ಒಲೆ ಉರಿಯುವುದು ರಷ್ಯಾದ ಅನಿಲದಿಂದಲೇ. ರೈಲುಮಾರ್ಗವನ್ನು 2008ರಲ್ಲಿ ರಷ್ಯಾದ ಸಂಸ್ಥೆಗೇ ವಹಿಸಲಾಗಿತ್ತು. ವಿಚಿತ್ರವೆಂದರೆ, ರಾಜಕೀಯವಾಗಿ ದೂರ ಸರಿದ ಈ ವರ್ಷಗಳಲ್ಲೇ ರಷ್ಯಾದೊಡನೆ ವ್ಯಾಪಾರ ಹಲವು ಪಟ್ಟು ಬೆಳೆಯಿತು. ಪಶ್ಚಿಮದ ನಿರ್ಬಂಧಗಳಿಂದಾಗಿ ರಷ್ಯಾಕ್ಕೆ ನೇರವಾಗಿ ಹೋಗಲಾರದ ಸರಕುಗಳು ಯೆರೆವಾನಿನ ಮೂಲಕ ಹಾಯತೊಡಗಿದ್ದವು. ಹಳೆಯ ಯಜಮಾನನ ಅಂಗಳವನ್ನು ಬಿಟ್ಟು ಹೊರಡುವುದು ಘೋಷಣೆಯಷ್ಟು ಸುಲಭವಲ್ಲ.

ಈ ಅವಧಿಯಲ್ಲಿ ಆಯುಧಕ್ಕಾಗಿ ಆರ್ಮೇನಿಯಾ ಫ್ರಾನ್ಸಿನತ್ತ, ಭಾರತದತ್ತ ತಿರುಗಿತು. ಪಿನಾಕ ರಾಕೆಟ್ ವ್ಯವಸ್ಥೆಯ ಜೊತೆಗೆ, ಶತ್ರುವಿನ ಫಿರಂಗಿ ಎಲ್ಲಿದೆಯೆಂದು ಪತ್ತೆಹಚ್ಚುವ ಸ್ವಾತಿ ರಾಡಾರ್ ಕೂಡ ಅಲ್ಲಿಗೆ ಮಾರಾಟವಾಯಿತು. ಅದನ್ನು ನಿರ್ಮಿಸುವುದು ನಮ್ಮ ಬೆಂಗಳೂರಿನ ಬಿ.ಇ.ಎಲ್. (ಚೆನ್ನೈಯ ಓದುಗರಿಗೆ ಅರ್ಮೇನಿಯನ್ ಸ್ಟ್ರೀಟ್ ಪರಿಚಿತ, ಜಗತ್ತಿನ ಮೊದಲ ಆರ್ಮೇನಿಯನ್ ಪತ್ರಿಕೆ 1794ರಲ್ಲಿ ಅಚ್ಚಾದದ್ದು ಆ ನಗರದಲ್ಲಿಯೇ.) ಹಳೆಯ ನಂಟಿಗಿಂತ ಲೆಕ್ಕಾಚಾರವೇ ಇಲ್ಲಿ ಮುಖ್ಯ: ಅಜರ್‌ಬೈಜಾನಿನ ಬೆನ್ನಿಗೆ ತುರ್ಕಿಯ ಜೊತೆ ಪಾಕಿಸ್ತಾನವೂ ನಿಂತಿತ್ತು.

2025ರ ಆಗಸ್ಟ್ 8ರಂದು ವಾಷಿಂಗ್ಟನ್‌ನಲ್ಲಿ, ಟ್ರಂಪ್ ಸಮ್ಮುಖದಲ್ಲಿ, ಎರಡೂ ದೇಶಗಳ ವಿದೇಶಾಂಗ ಸಚಿವರು ಶಾಂತಿ ಒಪ್ಪಂದದ ಕರಡಿಗೆ ಕಿರುಸಹಿ ಹಾಕಿದರು. ಆರ್ಮೇನಿಯಾದ ದಕ್ಷಿಣ ಅಂಚಿನಲ್ಲಿ ಅಜರ್‌ಬೈಜಾನಿನ ಎರಡು ಭಾಗಗಳನ್ನು ಬೆಸೆಯುವ ಮಾರ್ಗವನ್ನು ಅಮೆರಿಕದ ಸಹಭಾಗಿತ್ವದಲ್ಲಿ ನಿರ್ಮಿಸುವುದೆಂದೂ ಅಂದೇ ನಿಶ್ಚಯವಾಯಿತು. 2020ರ ಒಪ್ಪಂದದ ಪ್ರಕಾರ ಇಂಥ ಮಾರ್ಗದ ಕಾವಲು ರಷ್ಯಾದ ಗಡಿಪಡೆಯದಾಗಬೇಕಿತ್ತು. ಕರಬಾಖಿನಿಂದ ಹೊರಟುಬಂದವರು ಮನೆಗೆ ಮರಳುವ ಹಕ್ಕಿನ ಬಗ್ಗೆ ಮಾತ್ರ ಕರಡಿನ ಹದಿನೇಳು ವಿಧಿಗಳಲ್ಲಿ ಒಂದು ಮಾತೂ ಇಲ್ಲ.