ವೈ-ಫೈ ಪೆಟ್ಟಿಗೆಗೂ ಪಾಲನೆ ಬೇಕು

ಪಹಣಿ, ಕೊಬ್ಬರಿಯ ದರ, ಮಕ್ಕಳ ಪರೀಕ್ಷಾ ಫಲಿತಾಂಶ ಎಲ್ಲವೂ ಅಂತರಜಾಲದ ಮೂಲಕವೇ ದೊರೆಯುವ ಈ ಕಾಲದಲ್ಲಿ ಅರಳಗುಪ್ಪೆಯಂಥ ತೆಂಗಿನ ಸೀಮೆಯ ಊರಿಗೆ ಉತ್ತಮ ಸಂಪರ್ಕ ಬೇಕೆಂಬುದರಲ್ಲಿ ಎರಡು ಮಾತಿಲ್ಲ. ಗ್ರಾಮ ಪಂಚಾಯಿತಿಗಳಿಗೆ ಆಪ್ಟಿಕಲ್ ಫೈಬರ್ ಎಳೆಯುವ ಯೋಜನೆಗೆ ಕೇಂದ್ರ ಸರ್ಕಾರ ಒಪ್ಪಿಗೆ ನೀಡಿದ್ದು 2011ರಲ್ಲಿ. ಅದೇ ಮುಂದೆ ಭಾರತ್‌ನೆಟ್ ಆಯಿತು. ಕೇಬಲ್ ಎಳೆಯುವ, ಉಪಕರಣ ಕೂಡಿಸುವ ಲೆಕ್ಕ ಎಲ್ಲೆಡೆ ಸಿಗುತ್ತದೆ. ಆದರೆ ಗೋಡೆಗೆ ತೂಗುಹಾಕಿದ ವೈ-ಫೈ ಪೆಟ್ಟಿಗೆಯೊಳಗಿನ ತಂತ್ರಾಂಶವನ್ನು ಕಾಲಕಾಲಕ್ಕೆ ನವೀಕರಿಸುವ ಹೊಣೆ ಯಾರದು ಎಂಬ ಪ್ರಶ್ನೆಯನ್ನು ಕೇಳುವವರೇ ವಿರಳ.

ಈ ತಂತ್ರಾಂಶಕ್ಕೆ ಫರ್ಮ್‌ವೇರ್ ಎಂದು ಹೆಸರು. ಉಪಕರಣದ ಚಿಪ್‌ನಲ್ಲೇ ನೆಲೆಸಿ ಅದರ ಪ್ರತಿಯೊಂದು ಕೆಲಸವನ್ನೂ ನಡೆಸುವುದು ಅದೇ. ಅದರಲ್ಲಿ ಬಿರುಕು ಉಳಿದರೆ ಹೊರಗಿನವರು ಒಳನುಗ್ಗುತ್ತಾರೆ; ಪೆಟ್ಟಿಗೆಯ ಹಸಿರು ದೀಪ ಮಾತ್ರ ಎಂದಿನಂತೆ ಮಿನುಗುತ್ತಿರುತ್ತದೆ. ತೆಂಗಿಗೆ ನುಸಿ ತಗುಲಿದ ಬಗೆಯನ್ನು ಈ ಸೀಮೆಯ ರೈತರು ಬಲ್ಲರು. ಅದು ಎಳೆಗಾಯಿಯ ತೊಟ್ಟಿನಡಿ ಅಡಗಿ ರಸ ಹೀರುತ್ತದೆ. ಕಾಯಿಯ ಮೇಲೆ ಕಲೆ ಕಾಣುವ ಹೊತ್ತಿಗೆ ಹಾನಿ ಆಗಿಹೋಗಿರುತ್ತದೆ.

ಇದು ಕೇವಲ ಊಹೆಯಲ್ಲ. 2017ರ ಜುಲೈನಲ್ಲಿ ಕರ್ನಾಟಕವೂ ಸೇರಿದಂತೆ ಹಲವೆಡೆ ಬಿಎಸ್‌ಎನ್‌ಎಲ್ ಗ್ರಾಹಕರ ಮೋಡೆಮ್‌ಗಳು ಕುತಂತ್ರಾಂಶದ ದಾಳಿಗೆ ಸಿಲುಕಿದವು. ಕಾರ್ಖಾನೆಯಿಂದ ಬಂದ ಪಾಸ್‌ವರ್ಡನ್ನು ಬದಲಿಸದೇ ಇದ್ದ ಉಪಕರಣಗಳೇ ಸುಲಭದ ತುತ್ತಾದವು. ಮರುವರ್ಷ ಮೇ ತಿಂಗಳಲ್ಲಿ ಬೆಳಕಿಗೆ ಬಂದ ವಿಪಿಎನ್‌ಫಿಲ್ಟರ್ ಎಂಬ ಕುತಂತ್ರಾಂಶ 54 ದೇಶಗಳ ಕನಿಷ್ಠ 5 ಲಕ್ಷ ಉಪಕರಣಗಳನ್ನು ಹೊಕ್ಕಿತ್ತು.

ನವೀಕರಣ ಕಷ್ಟದ ಕೆಲಸವೇನಲ್ಲ, ಆದರೆ ಎಚ್ಚರ ಬೇಡುವ ಕೆಲಸ. ಮಾದರಿಯ ಹೆಸರಷ್ಟೇ ಸಾಲದು, ಅದರ ಹಾರ್ಡ್‌ವೇರ್ ಆವೃತ್ತಿಯೂ ತಾಳೆಯಾಗಬೇಕು. ಕಡತವನ್ನು ತಯಾರಕರ ತಾಣದಿಂದಲೇ ಪಡೆಯಬೇಕು. ವೈ-ಫೈ ಮೂಲಕ ಮಾಡದೆ ಕೇಬಲ್ ಜೋಡಿಸಿಯೇ ಮಾಡುವುದು ಕ್ಷೇಮ. ಹೊಸ ಫರ್ಮ್‌ವೇರ್ ಬರೆಯುತ್ತಿರುವಾಗ ವಿದ್ಯುತ್ ಹೋದರೆ ಪೆಟ್ಟಿಗೆ ಇಟ್ಟಿಗೆಯಾಗಿ ಕೂರಬಹುದು. ಕರೆಂಟು ಯಾವಾಗ ಹೋಗುವುದೋ ಹೇಳಲಾಗದ ಹಳ್ಳಿಯಲ್ಲಿ ಯುಪಿಎಸ್ ಇಲ್ಲದೆ ಇದಕ್ಕೆ ಕೈಹಾಕುವುದು ಅವಿವೇಕ. ಪಂಚಾಯಿತಿಯ ಸಿಬ್ಬಂದಿ ಹಿಂಜರಿಯುವುದು ಸಹಜ. ಅವರಿಗೆ ತರಬೇತಿಯನ್ನಾಗಲಿ ಕನ್ನಡದ ಕೈಪಿಡಿಯನ್ನಾಗಲಿ ಕೊಡದೆ ದೂರುವುದು ಸರಿಯಲ್ಲ.

ಇನ್ನೊಂದು ತೊಡಕೂ ಇದೆ. ತಯಾರಕರು ಕೆಲವು ವರ್ಷಗಳಲ್ಲಿ ನವೀಕರಣ ನಿಲ್ಲಿಸುತ್ತಾರೆ. ಹೊಸದನ್ನು ಕೊಂಡರಾಯಿತು ಎನ್ನುವುದು ಉಳ್ಳವರ ಮಾತು. ಪಂಚಾಯಿತಿಯ ಬೊಕ್ಕಸಕ್ಕೆ ಅದು ಭಾರ. ಇಲ್ಲಿ ಮುಕ್ತ ತಂತ್ರಾಂಶ ನೆರವಾಗಬಲ್ಲದು. ಲಿಂಕ್‌ಸಿಸ್ ಕಂಪನಿಯ ರೂಟರ್ ಒಂದರಲ್ಲಿ ಲಿನಕ್ಸ್ ಇದ್ದ ಕಾರಣ ಅದರ ಮೂಲಸಂಕೇತ 2003ರಲ್ಲಿ ಹೊರಬಂದಿತು. 2004ರಲ್ಲಿ ಆರಂಭವಾದ ಓಪನ್‌ಡಬ್ಲ್ಯುಆರ್‌ಟಿ ಯೋಜನೆ ಅಂದಿನಿಂದ ಅನೇಕ ಹಳೆಯ ಉಪಕರಣಗಳ ಆಯುಷ್ಯ ಹೆಚ್ಚಿಸಿದೆ. ತುಮಕೂರು ಜಿಲ್ಲೆಯಲ್ಲೇ, ದೇವರಾಯನದುರ್ಗದ ಸಮೀಪದ ದುರ್ಗದಹಳ್ಳಿಯಲ್ಲಿ, ಸಮುದಾಯದ ಒಡೆತನದ ವೈರ್‌ಲೆಸ್ ಜಾಲವನ್ನು ಜನಸ್ತು ಸಂಸ್ಥೆ ಕಟ್ಟಿದ ಉದಾಹರಣೆಯಿದೆ. ಹಳ್ಳಿಗರಿಗೆ ಇದೆಲ್ಲ ಒಗ್ಗದು ಎಂಬ ನಗರದ ಪೂರ್ವಗ್ರಹಕ್ಕೆ ಅದೇ ಉತ್ತರ.

ಬ್ರಿಟನ್‌ನಲ್ಲಿ 2024ರ ಏಪ್ರಿಲ್‌ನಿಂದ, ಎಲ್ಲ ಪೆಟ್ಟಿಗೆಗಳಿಗೂ ಒಂದೇ ಪಾಸ್‌ವರ್ಡ್ ಇಟ್ಟು ಮಾರುವುದನ್ನು ಕಾನೂನು ನಿಷೇಧಿಸಿದೆ. ಭದ್ರತಾ ನವೀಕರಣ ಎಲ್ಲಿಯವರೆಗೆ ಸಿಗುತ್ತದೆಂದು ತಯಾರಕರು ಮೊದಲೇ ತಿಳಿಸಬೇಕು. ನಮ್ಮಲ್ಲಿ ಕಾನೂನಿಗಾಗಿ ಕಾಯಬೇಕಾಗಿಲ್ಲ. ಸಾರ್ವಜನಿಕ ಹಣದಲ್ಲಿ ಕೊಳ್ಳುವ ಪ್ರತಿ ಉಪಕರಣದ ಟೆಂಡರ್‌ನಲ್ಲಿ ನವೀಕರಣದ ಅವಧಿಯನ್ನು ಷರತ್ತಾಗಿ ಸೇರಿಸಬಹುದು. ತಾಲ್ಲೂಕಿಗೊಬ್ಬ ತರಬೇತಾದ ತಂತ್ರಜ್ಞನನ್ನು ನೇಮಿಸಬಹುದು. ಯಾವ ಪೆಟ್ಟಿಗೆ, ಯಾವ ಆವೃತ್ತಿ, ಕೊನೆಯ ನವೀಕರಣ ಎಂದು ಎಂಬ ವಿವರಗಳ ದಾಖಲೆ ಪುಸ್ತಕವೊಂದನ್ನು ಪಂಚಾಯಿತಿಯಲ್ಲಿ ಇಡಲು ದೊಡ್ಡ ಖರ್ಚೇನೂ ಆಗದು.

ಕೊಳವೆಬಾವಿ ಕೆಟ್ಟರೆ ಯಾರನ್ನು ಕರೆಯಬೇಕೆಂದು ಹಳ್ಳಿಯ ಪ್ರತಿಯೊಬ್ಬರಿಗೂ ಗೊತ್ತು. ವೈ-ಫೈ ಪೆಟ್ಟಿಗೆಯ ವಿಷಯದಲ್ಲೂ ಅಂಥ ಸ್ಪಷ್ಟತೆ ಇರಬೇಕು. ಉದ್ಘಾಟನೆಯ ದಿನ ತೋರುವ ಉತ್ಸಾಹದ ಒಂದು ಪಾಲನ್ನಾದರೂ ಸರ್ಕಾರ ಅದರ ಪಾಲನೆಗೆ ಮೀಸಲಿಡಲಿ.