ಆಗಲೂ ಮದ್ದು, ಈಗಲೂ ಮದ್ದು



ಕಳೆದ ಮಳೆಗಾಲದ ಒಂದು ಭಾನುವಾರ. ಪ್ರಾರ್ಥನೆ ಮುಗಿಸಿ ಹೊರಗೆ ಬಂದಾಗ ನಮ್ಮ ಲೈನ್ ಮನೆಗಳ ಕಡೆಯ ಒಬ್ಬ ಹುಡುಗ ನನ್ನ ಕೈಗೆ ಒಂದು ಡಬ್ಬ ಕೊಟ್ಟ. "ಉಪದೇಶಿಗಳೇ, ಇದು ಆಂಟಿಆಕ್ಸಿಡೆಂಟ್ ಗುಳಿಗೆ. ಮೈಯೊಳಗಿನ ವಿಷವನ್ನೆಲ್ಲ ತೆಗೆಯುವ ಮದ್ದು. ಎಂಡೋಸಲ್ಫಾನಿಗೂ ಆಗುತ್ತದೆ. ನೀವೊಂದು ಮಾತು ಹೇಳಿದರೆ ಎಲ್ಲರೂ ತಕ್ಕೊಳ್ಳುತ್ತಾರೆ" ಎಂದ. ಬೆಲೆ ಕೇಳಿದೆ. ಒಂದು ಡಬ್ಬಕ್ಕೆ 1,800 ರೂಪಾಯಿ. ತಿಂಗಳಿಗೊಂದರಂತೆ ಆರು ತಿಂಗಳು ಬಿಡದೆ ತಿನ್ನಬೇಕಂತೆ.

ನಾನು ಆ ಮಾತು ಹೇಳಲಿಲ್ಲ. ಆದರೆ ಬೇಡವೆಂದೂ ಹೇಳದೆ ಸುಮ್ಮನಿದ್ದೆ. ಅದು ತಪ್ಪಾಯಿತು. ಎರಡು ವಾರ ಕಳೆಯುವಷ್ಟರಲ್ಲಿ ನಮ್ಮ ಒಬ್ಬ ಅಕ್ಕನ ಮಗನಿಗೆ, ಹುಟ್ಟಿದಂದಿನಿಂದ ಮಲಗಿದಲ್ಲೇ ಇರುವ ಹುಡುಗನಿಗೆ, ಒಂದೇ ರಾತ್ರಿ ಮೂರು ಸಲ ಫಿಟ್ಸ್ ಬಂತು. ಅವನ ಹೆಸರು ಸರಕಾರದ ಪಟ್ಟಿಯಲ್ಲಿಲ್ಲ. ಮಾತ್ರೆಗೆ ಕೈಯಿಂದಲೇ ದುಡ್ಡು ಹಾಕಬೇಕು. ಆ ದುಡ್ಡು ಡಬ್ಬಕ್ಕೆ ಹೋಗಿತ್ತು. "ಇದು ಅದಕ್ಕಿಂತ ದೊಡ್ಡ ಮದ್ದಲ್ಲವಾ ಅಂತ ಅದನ್ನು ನಿಲ್ಲಿಸಿದೆ" ಎಂದಳು ಅಕ್ಕ. ಹುಡುಗ ಉಳಿದ. ಆದರೆ ಆ ರಾತ್ರಿಯ ಲೆಕ್ಕದಲ್ಲಿ ನನ್ನ ಮೌನವೂ ಸೇರಿದೆ. ಆದ್ದರಿಂದ ಇದನ್ನು ಬರೆಯುತ್ತಿದ್ದೇನೆ.

ಮೊದಲು ಈ ದೊಡ್ಡ ಹೆಸರಿನ ಅರ್ಥ ನೋಡೋಣ. ನಾವು ಉಂಡದ್ದು ಮೈಯಲ್ಲಿ ಉರಿದು ಶಕ್ತಿಯಾಗುವಾಗ ಕೆಲವು ಪುಂಡ ಕಣಗಳು ಹುಟ್ಟುತ್ತವೆ. ಅವು ಮಿತಿ ಮೀರಿದರೆ ಜೀವಕೋಶಗಳನ್ನು ಕೆಡಿಸುತ್ತವೆ. ಬೀಡಿಯ ಹೊಗೆ, ಕೆಲವು ವಿಷಗಳು ಅವನ್ನು ಹೆಚ್ಚಿಸುತ್ತವೆ. ಅವನ್ನು ಹಿಡಿದು ಸುಮ್ಮನಾಗಿಸುವ ವಸ್ತುಗಳಿಗೆ ಆಂಟಿಆಕ್ಸಿಡೆಂಟ್ ಎಂದು ಹೆಸರು. ವಿಟಮಿನ್ ಸಿ, ವಿಟಮಿನ್ ಇ, ಬೀಟಾ ಕ್ಯಾರೊಟೀನ್ ಈ ಸಾಲಿನವು. ಇಷ್ಟು ಮಾತು ಸುಳ್ಳಲ್ಲ. ಸೊಪ್ಪು, ಹಣ್ಣು ಹೆಚ್ಚು ತಿನ್ನುವವರಲ್ಲಿ ಹೃದಯದ ರೋಗ, ಕೆಲವು ಬಗೆಯ ಕ್ಯಾನ್ಸರ್ ಕಡಿಮೆ ಎಂದು ಕಂಡದ್ದೂ ಸುಳ್ಳಲ್ಲ. ಸುಳ್ಳು ಹುಟ್ಟುವುದು ಮುಂದಿನ ಹೆಜ್ಜೆಯಲ್ಲಿ: ಹಾಗಾದರೆ ಆ ವಸ್ತುವನ್ನಷ್ಟೇ ತೆಗೆದು ಗುಳಿಗೆ ಮಾಡಿ ನುಂಗಿದರೆ ಇನ್ನೂ ಒಳ್ಳೆಯದು ಎಂಬಲ್ಲಿ.

ದೊಡ್ಡ ವೈದ್ಯರೂ ಒಮ್ಮೆ ಹಾಗೆಯೇ ಎಣಿಸಿದ್ದರು. ಆದರೆ ಅವರು ಎಣಿಸಿ ಕೂರಲಿಲ್ಲ, ಪರೀಕ್ಷೆ ಮಾಡಿದರು. ಫಿನ್ಲೆಂಡ್ ದೇಶದಲ್ಲಿ ಸಿಗರೇಟು ಸೇದುವ 29,133 ಗಂಡಸರಿಗೆ ವರ್ಷಗಟ್ಟಲೆ ಗುಳಿಗೆ ಕೊಟ್ಟರು. ಕೆಲವರಿಗೆ ನಿಜವಾದದ್ದು, ಕೆಲವರಿಗೆ ಬರಿಯ ಹುಸಿ ಗುಳಿಗೆ. 1994ರಲ್ಲಿ ಲೆಕ್ಕ ಹೊರಬಿತ್ತು. ಬೀಟಾ ಕ್ಯಾರೊಟೀನ್ ನುಂಗಿದವರಲ್ಲಿ ಶ್ವಾಸಕೋಶದ ಕ್ಯಾನ್ಸರ್ ಕಡಿಮೆಯಾಗಲಿಲ್ಲ. ನೂರಕ್ಕೆ 18ರಷ್ಟು ಹೆಚ್ಚಾಗಿತ್ತು! ಬೀಡಿ ಸೇದುವ ಅಣ್ಣಂದಿರೇ, ಈ ಸಾಲನ್ನು ಇನ್ನೊಮ್ಮೆ ಓದಿ. ಬೀಡಿ ಬಿಡದೆ ಗುಳಿಗೆ ನುಂಗಿದರೆ ಸರಿಹೋಗುತ್ತದೆ ಎಂಬ ನಂಬಿಕೆ ಅಲ್ಲಿಗೆ ಮುಗಿಯಿತು.

ಎರಡನೆಯದು ನಮಗೆ ಇನ್ನೂ ಹತ್ತಿರದ್ದು. ಅಮೆರಿಕದಲ್ಲಿ 18,314 ಮಂದಿಯ ಮೇಲೆ ಇಂಥದೇ ಪರೀಕ್ಷೆ ನಡೆಯಿತು. ಅವರಲ್ಲಿ ಸಿಗರೇಟು ಸೇದುವವರಿದ್ದರು. ಜೊತೆಗೆ ಆಸ್‌ಬೆಸ್ಟಾಸ್ ಧೂಳು ಕುಡಿದು ದುಡಿದ ಕಾರ್ಮಿಕರೂ ಇದ್ದರು. ಕೆಲಸದ ಜಾಗದ ವಿಷ ಮೈಗೇರಿದ ನಮ್ಮಂಥ ಜನ. ಅವರಿಗೆ ಬೀಟಾ ಕ್ಯಾರೊಟೀನ್ ಮತ್ತು ವಿಟಮಿನ್ ಎ ಕೊಟ್ಟರು. ಗುಳಿಗೆ ತಿಂದವರಲ್ಲಿ ಶ್ವಾಸಕೋಶದ ಕ್ಯಾನ್ಸರ್ ನೂರಕ್ಕೆ 28ರಷ್ಟು, ಸಾವು 17ರಷ್ಟು ಹೆಚ್ಚೆಂದು ಕಂಡು 1996ರ ಜನವರಿಯಲ್ಲಿ ಪರೀಕ್ಷೆಯನ್ನೇ ನಡುವೆ ನಿಲ್ಲಿಸಬೇಕಾಯಿತು. ಧೂಳು ಮಾಡಿದ ಕೇಡನ್ನು ಗುಳಿಗೆ ತೊಳೆಯಲಿಲ್ಲ. ಆ ಕಾರ್ಮಿಕರಿಗೆ ಬೇಕಾಗಿದ್ದುದು ಧೂಳಿಲ್ಲದ ಕಾರ್ಖಾನೆ.

2012ರಲ್ಲಿ ಇಂಥ 78 ಪರೀಕ್ಷೆಗಳನ್ನು, ಸುಮಾರು ಮೂರು ಲಕ್ಷ ಜನರ ಲೆಕ್ಕವನ್ನು, ಒಟ್ಟಿಗೆ ಇಟ್ಟು ನೋಡಿದರು. ಈ ಗುಳಿಗೆಗಳಿಂದ ಆಯುಸ್ಸು ಬೆಳೆದದ್ದು ಕಾಣಲಿಲ್ಲ. ಬೀಟಾ ಕ್ಯಾರೊಟೀನ್ ಮತ್ತು ವಿಟಮಿನ್ ಇ ಸಾವನ್ನು ಸ್ವಲ್ಪ ಹೆಚ್ಚಿಸುವಂತೆಯೇ ಕಂಡಿತು. ಕಾರಣವೂ ಇದೆ. ಮೈಯೊಳಗಿನ ಆ ಪುಂಡ ಕಣಗಳು ಬರಿಯ ಶತ್ರುಗಳಲ್ಲ. ರೋಗಾಣುಗಳನ್ನು ಕೊಲ್ಲಲು ದೇಹ ಅವನ್ನೇ ಬಳಸುತ್ತದೆ. ಕಾವಲಿಗೆ ಬೇಕಾದ ವಸ್ತುಗಳನ್ನು ದೇಹ ತಾನೂ ತಯಾರಿಸುತ್ತದೆ. ಹೊರಗಿನಿಂದ ಕೊಡದಲ್ಲಿ ಸುರಿದರೆ ಆ ಸಮತೋಲವೇ ತಪ್ಪಬಹುದು.

ಆದರೆ ನ್ಯಾಯವಾಗಿ ಹೇಳಬೇಕು. ಎಲ್ಲ ವಿಟಮಿನ್ ಮಾತ್ರೆಯೂ ಮೋಸವಲ್ಲ. ಅಂಗನವಾಡಿಯಲ್ಲಿ ಮಕ್ಕಳಿಗೆ ಕುಡಿಸುವ ವಿಟಮಿನ್ ಎ, ಬಸುರಿಯರಿಗೂ ಶಾಲೆಯ ಹುಡುಗಿಯರಿಗೂ ಕೊಡುವ ಕಬ್ಬಿಣದ ಮಾತ್ರೆ, ಕೊರತೆ ಕಂಡು ಡಾಕ್ಟರು ಬರೆದುಕೊಟ್ಟದ್ದು, ಇವನ್ನು ಬಿಡಬೇಡಿ. ಮುದಿತನದಲ್ಲಿ ಕಣ್ಣಿನ ನರಪರದೆ ಕೆಡುವ ಒಂದು ರೋಗ ನಡು ಹಂತಕ್ಕೆ ಬಂದವರಿಗೆ ವಿಟಮಿನ್‌ಗಳೂ ಸತುವೂ ಸೇರಿದ ಒಂದು ಗುಳಿಗೆ ರೋಗದ ಓಟ ತಗ್ಗಿಸುತ್ತದೆಂದು 2001ರಲ್ಲಿ ಗೊತ್ತಾಗಿದೆ. ಅದೂ ಕಣ್ಣಿನ ಡಾಕ್ಟರು ನೋಡಿ ಹೇಳಬೇಕಾದ ಮಾತು. ಕೊರತೆ ಇದ್ದಲ್ಲಿ ತುಂಬುವುದು ಚಿಕಿತ್ಸೆ. ಕೊರತೆ ಇಲ್ಲದವನಿಗೆ ಮಾರುವುದು ವ್ಯಾಪಾರ.

"ಎಂಡೋಸಲ್ಫಾನ್ ತಿನ್ನಿಸಿದ ಇಲಿಗಳಿಗೆ ವಿಟಮಿನ್ ಕೊಟ್ಟಾಗ ಗುಣ ಕಂಡಿದೆ" ಎಂದು ಆ ಹುಡುಗ ಒಂದು ಕಾಗದ ತೋರಿಸಿದ. ಅಂಥ ಪ್ರಯೋಗಗಳು ನಡೆದಿರುವುದು ನಿಜ. ಆದರೆ ಪ್ರಯೋಗಶಾಲೆಯಲ್ಲಿ ವಿಷದ ಜೊತೆಜೊತೆಗೆ ವಿಟಮಿನ್ ಪಡೆದ ಇಲಿಯೆಲ್ಲಿ, ತಾಯಿಯ ಗರ್ಭದಲ್ಲೇ ಕೆಟ್ಟು ಹುಟ್ಟಿ ಇಪ್ಪತ್ತು ಮೂವತ್ತು ವರ್ಷ ಹಾಸಿಗೆ ಹಿಡಿದ ನಮ್ಮ ಮಕ್ಕಳೆಲ್ಲಿ? ಬೆಳೆಯದೆ ಹೋದ ಮಿದುಳನ್ನು ಬೆಳೆಸುವ ಗುಳಿಗೆ ಯಾವ ಡಬ್ಬದಲ್ಲೂ ಇಲ್ಲ. ಇದೆ ಎನ್ನುವವನು ತಾಯಿಯ ಆಸೆಯನ್ನು ದೋಚುತ್ತಾನೆ.

ನಮ್ಮ ಮಾತಿನಲ್ಲಿ ರೋಗ ಗುಣಮಾಡುವುದಕ್ಕೂ ಮದ್ದು, ಹುಳ ಕೊಲ್ಲುವುದಕ್ಕೂ ಮದ್ದು. 1970ರ ದಶಕದ ಕೊನೆಯಿಂದ 2000ದವರೆಗೆ ಪ್ಲಾಂಟೇಶನ್ ಕಾರ್ಪೊರೇಶನ್ನಿನ ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿದಾಗಲೂ ಜನ "ಗಿಡಕ್ಕೆ ಮದ್ದು ಬಿಡುತ್ತಾರೆ" ಎಂದೇ ಹೇಳಿದರು. ಮಕ್ಕಳು ಹೆಲಿಕಾಪ್ಟರ್ ನೋಡಲು ಓಡಿದರು. ನಮ್ಮ ಬೆಳ್ಳೂರು, ಎಣ್ಮಕಜೆ, ಕುಂಬ್ಡಾಜೆ, ಬದಿಯಡ್ಕ, ಕಾರಡ್ಕ, ಮುಳಿಯಾರು ಸೇರಿ 11 ಪಂಚಾಯತುಗಳು ಅದರ ಫಲ ಉಂಡವು. ಗಡಿಯಾಚೆ ಬೆಳ್ತಂಗಡಿ ತಾಲೂಕಿನ ಕೊಕ್ಕಡದಲ್ಲೂ ಇದೇ ಗೋಳು. 2005ರಲ್ಲಿ ಕೇರಳ ಅದನ್ನು ನಿಷೇಧಿಸಿತು. 2011ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟು ದೇಶದಲ್ಲೆಲ್ಲ ತಡೆಯಿತು. 2017ರ ಜನವರಿಯಲ್ಲಿ ಸಂತ್ರಸ್ತರಿಗೆ ತಲಾ 5 ಲಕ್ಷ ರೂಪಾಯಿ ಮೂರು ತಿಂಗಳೊಳಗೆ ಕೊಡಬೇಕೆಂದು ಅದೇ ಕೋರ್ಟು ಹೇಳಿತು. ಐದು ವರ್ಷ ಕಳೆದ ಮೇಲೂ ಹಣ ಮುಟ್ಟಿದವರು ಬೆರಳೆಣಿಕೆಯ ಮಂದಿಯೆಂದು 2022ರಲ್ಲಿ ಪುನಃ ಗದರಿಸಬೇಕಾಯಿತು.

ಈಗ ಯೋಚಿಸಿ. ವಿಷ ಬಿಟ್ಟದ್ದು ಯಾರು? ಲಾಭ ಯಾರಿಗೆ? ಮದ್ದಿನ ಖರ್ಚು ಯಾರ ತಲೆಗೆ? "ಗುಳಿಗೆ ಕೊಂಡು ನಿನ್ನ ಮೈ ನೀನೇ ತೊಳೆದುಕೋ" ಎನ್ನುವವನು ಹೊಣೆಗಾರನನ್ನು ಬಿಟ್ಟು ಕೂಲಿಯವನ ಕಿಸೆಗೆ ಕೈ ಹಾಕುತ್ತಾನೆ. 1951ರ ತೋಟ ಕಾರ್ಮಿಕರ ಕಾಯಿದೆಯಲ್ಲಿ ಕುಡಿಯುವ ನೀರು, ಕಕ್ಕಸು, ವೈದ್ಯಕೀಯ ಸೌಲಭ್ಯ ಮಾಲಿಕನ ಹೊಣೆ ಎಂದು ಬರೆದದ್ದು ನಮ್ಮ ಹಿರಿಯರು ಕೇಳಿ ಪಡೆದದ್ದು. ಕಾಯಿದೆಯ ಹೆಸರು ಬದಲಾಗಬಹುದು, ನಮ್ಮ ಹಕ್ಕು ಡಬ್ಬದೊಳಗೆ ಹೋಗಬಾರದು.

ಇನ್ನು ನಮ್ಮ ಕೈಯಲ್ಲಿರುವ ಮದ್ದು. ಒಂದು ಪೇರಳೆ ಹಣ್ಣು ಒಬ್ಬ ದೊಡ್ಡವನ ಒಂದು ದಿನದ ವಿಟಮಿನ್ ಸಿಗೆ ಸಾಕು. ನೆಲ್ಲಿಕಾಯಿ ಅದಕ್ಕೂ ಮಿಗಿಲು. ಬೀಜ ತಿರುಚಿ ತೆಗೆದು ನಾವು ಕಾಲಡಿ ತುಳಿಯುವ ಗೇರುಹಣ್ಣಿನಲ್ಲಿ ಕಿತ್ತಳೆಗಿಂತ ಹಲವು ಪಾಲು ಹೆಚ್ಚು ವಿಟಮಿನ್ ಸಿ ಇದೆ. ಮದ್ದು ಬಿಡದ ಮರದ್ದಾದರೆ ತೊಳೆದು ಉಪ್ಪು ಹಾಕಿ ಮಕ್ಕಳಿಗೆ ಕೊಡಿ. ನುಗ್ಗೆಸೊಪ್ಪು, ಹರಿವೆ, ಪಪ್ಪಾಯಿ, ಚೀನಿಕಾಯಿಯಲ್ಲಿ ಬೀಟಾ ಕ್ಯಾರೊಟೀನ್ ತಾನಾಗಿಯೇ ಇದೆ. ಊಟದಲ್ಲಿ ಬಂದರೆ ಅದು ಕೇಡು ಮಾಡುವುದಿಲ್ಲ. 1,800 ರೂಪಾಯಿಗೆ ಮನೆಮಂದಿಗೆಲ್ಲ ಎಷ್ಟು ದಿನದ ಬೂತಾಯಿ, ಹುರುಳಿ, ಮೊಟ್ಟೆ ಬರುತ್ತದೆ ಎಂದು ಅಕ್ಕಂದಿರು ನನಗಿಂತ ಚೆನ್ನಾಗಿ ಬಲ್ಲರು. ಹಾಗೆಂದು ಸೊಪ್ಪು ತಿಂದರೆ ಎಂಡೋಸಲ್ಫಾನಿನ ರೋಗ ವಾಸಿಯಾಗುತ್ತದೆ ಎಂದು ನಾನು ಹೇಳುವುದಿಲ್ಲ. ಹಾಗೆ ಹೇಳಿದರೆ ನಾನೂ ಡಬ್ಬ ಮಾರುವವನೇ.

ಡಬ್ಬವನ್ನು ತಿರುಗಿಸಿ ನೋಡಿ. ಔಷಧವಾಗಿ ಬಳಸಲು ಅಲ್ಲ ಎಂದು ಇಂಗ್ಲಿಷಿನಲ್ಲಿ ಬರೆದಿರುತ್ತದೆ. ಆಹಾರ ಸುರಕ್ಷತೆಯ ನಿಯಮದಂತೆ ಬರೆಯಲೇಬೇಕು. ಓದಲು ಬಾರದಿದ್ದರೆ ಶಾಲೆಗೆ ಹೋಗುವ ಮಕ್ಕಳಿಂದ ಓದಿಸಿ. ಡಬ್ಬದ ಮೇಲೆ ಔಷಧವಲ್ಲ, ಮಾರುವವನ ಬಾಯಲ್ಲಿ ಮದ್ದು! ಕ್ಯಾನ್ಸರ್, ಅಪಸ್ಮಾರ ಮೊದಲಾದವಕ್ಕೆ ಗುಣವಾಗುತ್ತದೆಂದು ಜಾಹೀರಾತು ಮಾಡುವುದು 1954ರ ಕಾಯಿದೆಯಂತೆ ಅಪರಾಧ. ಜನರ ಕೆಳಗೆ ಜನರನ್ನು ಸೇರಿಸಿ ದುಡ್ಡು ಎಳೆಯುವ ಸರಪಣಿ ವ್ಯಾಪಾರಕ್ಕೆ 2021ರ ನಿಯಮಗಳಲ್ಲಿ ತಡೆ ಇದೆ.

ಆ ಹುಡುಗನ ಮೇಲೆ ಸಿಟ್ಟು ಬೇಡ. ಅವನೂ ನಮ್ಮವನೇ. ಸಾಲ ಮಾಡಿ ಹತ್ತು ಡಬ್ಬ ತಂದು, ಈಗ ಬಡ್ಡಿ ಕಟ್ಟುತ್ತಿದ್ದಾನೆ. ಮೇಲೆ ಕೂತವನು ಕಾರಿನಲ್ಲಿ ಬಂದು ಹೋಗುತ್ತಾನೆ. ಡಬ್ಬ ವಾಪಸು ಮಾಡುವ ಅರ್ಜಿ ಬರೆಯಲು, ಬೇಕಾದರೆ ಗ್ರಾಹಕರ ಆಯೋಗಕ್ಕೆ ಹೋಗಲು, ನಾನು ಅವನ ಜೊತೆ ಬರುತ್ತೇನೆಂದು ಹೇಳಿದ್ದೇನೆ.

ಅಕ್ಕನ ಮಗನ ಮಾತ್ರೆಗೆ ಈಗ ಸರದಿ ಮಾಡಿಕೊಂಡಿದ್ದೇವೆ. ಆಯಾ ತಿಂಗಳು ಪೇಟೆಗೆ ಹೋಗುವವರು ಚೀಟಿ ಒಯ್ದು ತರುತ್ತಾರೆ. ಅವನ ಹೆಸರು ಪಟ್ಟಿಗೆ ಸೇರಬೇಕೆಂಬ ಅರ್ಜಿಗೆ ಸಹಿಗಳು ಬೇಕು. ಮುಂದಿನ ಭಾನುವಾರ ಕಾಗದ ನನ್ನ ಕೈಯಲ್ಲಿರುತ್ತದೆ. ಬನ್ನಿ, ಸಹಿ ಹಾಕಿ. ಸಹಿ ಬಾರದವರು ಹೆಬ್ಬೆಟ್ಟು ಒತ್ತಿ. ಅದಕ್ಕೆ ದುಡ್ಡು ಬೇಡ.