ಮೂವತ್ತು ನಿಮಿಷದ ಬೆಲೆ

"ಮೂವತ್ತು ನಿಮಿಷದಲ್ಲಿ ಮನೆಗೆ ಪಿಜ್ಜಾ" ಅನ್ನೋ ಗ್ಯಾರಂಟಿಯನ್ನು ಡೊಮಿನೋಸ್‌ನವರು ಅಮೆರಿಕದಲ್ಲಿ ಕೈಬಿಟ್ಟಿದ್ದು 1993ರ ಡಿಸೆಂಬರ್‌ನಲ್ಲಿ. ಅವರ ಡ್ರೈವರ್ ಒಬ್ಬ ಕೆಂಪು ಸಿಗ್ನಲ್ ದಾಟಿ ಮಹಿಳೆಯೊಬ್ಬರ ಕಾರಿಗೆ ಗುದ್ದಿದ್ದ. ಸೇಂಟ್ ಲೂಯಿಸ್‌ನ ಜ್ಯೂರಿ ಸುಮಾರು 7.9 ಕೋಟಿ ಡಾಲರ್ ಕೊಡಿ ಅಂತು. ಕೆಲವೇ ದಿನಗಳಲ್ಲಿ ಗ್ಯಾರಂಟಿ ಮಾಯ!

ನಮ್ಮಲ್ಲೂ 2026ರ ಜನವರಿಯಲ್ಲಿ ಕೇಂದ್ರ ಕಾರ್ಮಿಕ ಸಚಿವರು ಹೇಳಿದ ಮೇಲೆ ಬ್ಲಿಂಕಿಟ್ "10 ನಿಮಿಷ" ಅನ್ನೋ ಘೋಷಣೆ ತೆಗೆಯಿತು. ಒಳ್ಳೇದೇ. ಆದ್ರೆ ಬೋರ್ಡು ತೆಗೆದರೆ ಸಾಕಾ? "ಇಷ್ಟು ಹೊತ್ತಲ್ಲಿ ಇಷ್ಟು ಆರ್ಡರ್ ಮುಗಿಸಿದ್ರೆ ಇಷ್ಟು ಇನ್ಸೆಂಟಿವ್" ಅನ್ನೋದೂ ಬೇಗ ಓಡು ಅಂತ ಹೇಳಿದ ಹಾಗೇ ಅಲ್ವಾ?

ಕೋಡ್ ಬರೆಯೋ ನಮಗೆ ಇದು ಹೊಸದಲ್ಲ. ಏನನ್ನ ಅಳೀತೀವೋ ಅದೇ ಬೆಳೆಯುತ್ತೆ. ಸಾಲು ಎಣಿಸಿ ಸಂಬಳ ಕೊಟ್ರೆ ಕೋಡು ಉದ್ದ ಆಗುತ್ತೆ, ಆರ್ಡರ್ ಎಣಿಸಿ ಬೋನಸ್ ಕೊಟ್ರೆ ಸಿಗ್ನಲ್ ಜಂಪ್ ಆಗುತ್ತೆ. ನಮ್ಮ ಬಗ್ಗನ್ನು ನಾಳೆ ಸರಿ ಮಾಡಬಹುದು. ಮುರಿದ ಕಾಲನ್ನ?

ಹೋಟೆಲ್ ಮುಂದೆ ಕಾಯೋ ಹೊತ್ತಿಗೂ ದುಡ್ಡು ಕೊಡಲಿ, ಬೋನಸ್ ಇಳಿಸಿ ಮೂಲ ಕೂಲಿ ಏರಿಸಲಿ. ನಮ್ಮ ಬಿಲ್ಲು ಹತ್ತು ರೂಪಾಯಿ ಜಾಸ್ತಿ ಆದ್ರೂ ಆಗಲಿ. ನೀವೇನಂತೀರಿ?